ಕೋಳಿ ಮುಟ್ಟಿಯೇ ಇಲ್ಲ ಅಂದವರಿಗೆ ಹಕ್ಕಿ ಜ್ವರ ಬಂದದ್ದು ಹೇಗೆ?

ಪ್ರಶ್ನೆ: ಮನುಷ್ಯರಿಗೆ ಹಕ್ಕಿ ಜ್ವರ ಬಂದ ಸುದ್ದಿ ಓದಿದಾಗಲೆಲ್ಲ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ರೋಗಿ ಜೀವಂತ ಕೋಳಿ ಮಾರುಕಟ್ಟೆಗೆ ಹೋಗಿದ್ದರು'. ಅಲ್ಲಿಗೆ ದಿನಾ ಸಾವಿರಾರು ಜನ ಹೋಗುತ್ತಾರೆ. ಅವರಿಗ್ಯಾರಿಗೂ ಬರದ ಜ್ವರ ಇವರೊಬ್ಬರಿಗೆ ಕೋಳಿಯಿಂದಲೇ ಬಂತು ಅಂತ ತನಿಖೆ ಮಾಡುವವರು ಹೇಗೆ ಹೇಳುತ್ತಾರೆ? ಇನ್ನೊಬ್ಬ ಮನುಷ್ಯನಿಂದ ಬಂದಿರಬಾರದೇಕೆ? ಕೋಳಿ ತಿಂದರೂ ಬರುತ್ತದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. 'ಮಾರುಕಟ್ಟೆಗೆ ಹೋಗಿದ್ದರು' ಅನ್ನುವ ಒಂದು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಜ್ವರ ಬಂದವರನ್ನು ಮಾತ್ರ ಕೇಳುತ್ತಾ ಹೋದರೆ ಎಲ್ಲರೂ ಎಲ್ಲಿಗೋ ಹೋಗಿಯೇ ಇರುತ್ತಾರೆ. ಬಸ್ಸು ಹತ್ತಿರುತ್ತಾರೆ, ಚಹಾ ಕುಡಿದಿರುತ್ತಾರೆ. ಅದಕ್ಕೇ ಜ್ವರ ಬರದವರನ್ನೂ ಕೂರಿಸಿ ಅದೇ ಪ್ರಶ್ನೆ ಕೇಳಬೇಕು.

ಇದನ್ನು ಮೊದಲು ಸರಿಯಾಗಿ ಮಾಡಿದ್ದು ಹಾಂಗ್‌ಕಾಂಗ್‌ನಲ್ಲಿ. 1997ರ ಮೇ ತಿಂಗಳಲ್ಲಿ ಅಲ್ಲಿ 3 ವರ್ಷದ ಹುಡುಗನೊಬ್ಬ ತೀರಿಕೊಂಡ. ಅವನ ಶ್ವಾಸನಾಳದ ದ್ರವದಲ್ಲಿ ಸಿಕ್ಕ ವೈರಸ್ ಯಾವುದು ಅಂತ ಅಲ್ಲಿನ ಲ್ಯಾಬ್‌ಗೆ ಹೇಳಲಾಗಲಿಲ್ಲ. ಹೊರದೇಶದ ಲ್ಯಾಬ್‌ಗಳಿಗೆ ಕಳಿಸಿ, ಅದು ಎಚ್5ಎನ್1 ಅಂತ ಗೊತ್ತಾಗುವಷ್ಟರಲ್ಲಿ ಆಗಸ್ಟ್ ಬಂದಿತ್ತು. ಕೋಳಿಗಳನ್ನು ಕೊಲ್ಲುವ ವೈರಸ್ ಮನುಷ್ಯನಲ್ಲಿ ಸಿಕ್ಕಿದ್ದು ಎಷ್ಟು ವಿಚಿತ್ರ ಅನ್ನಿಸಿತ್ತೆಂದರೆ, ಲ್ಯಾಬ್‌ನಲ್ಲೇ ಏನೋ ಬೆರಕೆ ಆಗಿದೆಯಾ ಅಂತ ಮೊದಲು ಅದನ್ನೇ ಪರೀಕ್ಷೆ ಮಾಡಿದರು. ನವೆಂಬರ್, ಡಿಸೆಂಬರ್‌ನಲ್ಲಿ ಇನ್ನೂ 17 ಜನರಿಗೆ ಬಂತು. ಒಟ್ಟು 18 ಜನರಲ್ಲಿ 6 ಮಂದಿ ಸತ್ತರು.

ಆಗ ತನಿಖೆಯವರು 15 ರೋಗಿಗಳನ್ನು ಆರಿಸಿಕೊಂಡರು. ಒಬ್ಬೊಬ್ಬ ರೋಗಿಗೆ ಜೋಡಿಯಾಗಿ ಅದೇ ವಯಸ್ಸಿನ, ಅದೇ ಬಡಾವಣೆಯ, ಜ್ವರ ಬರದ ಇಬ್ಬಿಬ್ಬರನ್ನು ಹುಡುಕಿದರು. ಎಲ್ಲರಿಗೂ ಒಂದೇ ಪ್ರಶ್ನೆಗಳು. ಜ್ವರ ಬರುವ ಮುಂಚಿನ ವಾರದಲ್ಲಿ ಜೀವಂತ ಕೋಳಿ ಇಡುವ ಅಂಗಡಿ ಅಥವಾ ಮಾರುಕಟ್ಟೆಗೆ ಹೋಗಿದ್ದವರು ರೋಗಿಗಳಲ್ಲಿ ಶೇ 64, ಆರೋಗ್ಯವಂತರಲ್ಲಿ ಶೇ 29. ವ್ಯತ್ಯಾಸ ಎರಡು ಪಟ್ಟಿಗೂ ಜಾಸ್ತಿ. ಅದೇ ಕೋಳಿ ಮಾಂಸ ತಿಂದದ್ದು, ಅಡುಗೆ ಮಾಡಿದ್ದು, ಪ್ರವಾಸ ಹೋದದ್ದು, ಕೆಮ್ಮುವವರ ಹತ್ತಿರ ಇದ್ದದ್ದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಈ ಶೇ 29 ಇದೆಯಲ್ಲ, ಅದೇ ನೀವು ಹೇಳುವ 'ಸಾವಿರಾರು ಜನ'. ಅವರೂ ಹೋಗಿದ್ದರು, ಅವರಿಗೆ ಏನೂ ಆಗಲಿಲ್ಲ. ಹಕ್ಕಿಯ ವೈರಸ್‌ಗೆ ಮನುಷ್ಯನ ದೇಹ ಸುಲಭವಾಗಿ ಒಗ್ಗುವುದಿಲ್ಲ. ಹಕ್ಕಿಗಳಲ್ಲಿ ಅದು ಅಂಟಿಕೊಳ್ಳುವ ಜಾಗ ನಮ್ಮ ಮೂಗು, ಗಂಟಲಿನಲ್ಲಿ ಕಮ್ಮಿ, ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಅಷ್ಟು ಆಳಕ್ಕೆ ಸಾಕಷ್ಟು ವೈರಸ್ ಇಳಿಯುವುದು ಅಪರೂಪ. ಇಳಿದರೆ ಮಾತ್ರ ಕಷ್ಟ. 2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಬಂದ ಎಚ್5ಎನ್1 ರೋಗಿಗಳು 950ಕ್ಕೂ ಹೆಚ್ಚು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಸತ್ತಿದ್ದಾರೆ. ಲಕ್ಷಣ ಕಮ್ಮಿ ಇದ್ದವರು ಆಸ್ಪತ್ರೆಗೇ ಬರುವುದಿಲ್ಲ, ಹಾಗಾಗಿ ನಿಜವಾದ ಪ್ರಮಾಣ ಇಷ್ಟು ಇರಲಾರದು ಅಂತ ನನ್ನ ಅನಿಸಿಕೆ. ಆದರೂ ಭಯ ಪಡಬೇಕಾದ ಸಂಖ್ಯೆಯೇ.

ತಿನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. 70 ಡಿಗ್ರಿ ಸೆಲ್ಸಿಯಸ್ ಬಿಸಿ ಒಳಗಿನವರೆಗೂ ತಲುಪಿದರೆ ಈ ವೈರಸ್ ಉಳಿಯುವುದಿಲ್ಲ. ಚೆನ್ನಾಗಿ ಬೆಂದ ಕೋಳಿಯಿಂದ ಹಕ್ಕಿ ಜ್ವರ ಬರುವುದಿಲ್ಲ. ವಿಯೆಟ್ನಾಂನಲ್ಲಿ ಬಾತುಕೋಳಿಯ ಹಸಿ ರಕ್ತದ ಖಾದ್ಯ ತಿಂದವರ ಬಗ್ಗೆ ಅನುಮಾನ ಬಂದದ್ದುಂಟು. ಆದರೆ ಅದು ಬೇಯಿಸದ ರಕ್ತ. ಅಪಾಯ ಇರುವುದು ತಟ್ಟೆಯಲ್ಲಿ ಅಲ್ಲ. ಕೋಳಿ ತಟ್ಟೆಗೆ ಬರುವ ಮುಂಚಿನ ಅರ್ಧ ಗಂಟೆಯಲ್ಲಿ.

ಈಗ ತನಿಖೆ ಹೇಗೆ ಶುರುವಾಗುತ್ತದೆ ಅಂತ ನೋಡೋಣ. ಯಾರೂ 'ನನಗೆ ಹಕ್ಕಿ ಜ್ವರ ಬಂದಿದೆ' ಅಂತ ಆಸ್ಪತ್ರೆಗೆ ಬರುವುದಿಲ್ಲ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಂತ ಬರುತ್ತಾರೆ. ಲ್ಯಾಬ್‌ನಲ್ಲಿ ಪಿಸಿಆರ್, ಅಂದರೆ ವೈರಸ್‌ನ ಜೀನ್ ಹುಡುಕುವ ಪರೀಕ್ಷೆ ಮಾಡಿದಾಗ ಇನ್‌ಫ್ಲುಯೆಂಜಾ ಎ (ಫ್ಲೂ ವೈರಸ್‌ನ ಒಂದು ಗುಂಪು) ಇದೆ ಅಂತ ಬರುತ್ತದೆ. ಪ್ರತಿ ವರ್ಷ ಬರುವ ಎಚ್1 ಅಥವಾ ಎಚ್3 ಇರಬೇಕು ಅಂತ ನೋಡಿದರೆ ಎರಡೂ ಇಲ್ಲ. 'ಎ' ಹೌದು, ಆದರೆ ನಮಗೆ ಗೊತ್ತಿರುವ 'ಎ' ಅಲ್ಲ. ಲ್ಯಾಬ್‌ನಲ್ಲಿ ಎಲ್ಲರೂ ಒಮ್ಮೆ ಕುರ್ಚಿಯಿಂದ ಎದ್ದು ನಿಲ್ಲುವುದು ಆಗಲೇ.

ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ. ಗಂಟಲಿನ ಸ್ವ್ಯಾಬ್ ನೆಗೆಟಿವ್ ಬಂತು ಅಂತ ಕೈ ಬಿಡುತ್ತಾರೆ. ವೈರಸ್ ಶ್ವಾಸಕೋಶದ ತಳದಲ್ಲಿ ಕೂತಿರುವಾಗ ಗಂಟಲು ಕೆರೆದರೆ ಏನು ಸಿಗುತ್ತದೆ? ವೆಂಟಿಲೇಟರ್‌ನಲ್ಲಿ ಇರುವ ರೋಗಿಯ ಶ್ವಾಸನಾಳದಿಂದ ದ್ರವ ಎಳೆದು ಕಳಿಸಬೇಕು. ಕಣ್ಣು ಕೆಂಪಾಗಿದ್ದರೆ ಕಣ್ಣಿನ ಸ್ವ್ಯಾಬ್ ಕೂಡ ಬೇಕು. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಕೋಳಿ ಫಾರಂಗಳಲ್ಲಿ ಎಚ್7ಎನ್7 ಅನ್ನುವ ಇನ್ನೊಂದು ಹಕ್ಕಿ ಜ್ವರದ ವೈರಸ್ ಹರಡಿದಾಗ 89 ಜನರಿಗೆ ಸೋಂಕು ತಗುಲಿತು. ಅವರಲ್ಲಿ ಬಹುಪಾಲು ಜನರಿಗೆ ಬಂದದ್ದು ಬರೀ ಕಣ್ಣುಬೇನೆ. ಗಂಟಲು ಮಾತ್ರ ನೋಡಿದ್ದರೆ ಎಷ್ಟೋ ಜನ ತಪ್ಪಿಸಿಕೊಳ್ಳುತ್ತಿದ್ದರು. ಫಾರಂಗಳಿಗೆ ಹೋಗಿದ್ದ ಒಬ್ಬ ಪಶುವೈದ್ಯರು ನ್ಯುಮೋನಿಯಾದಿಂದ ತೀರಿಕೊಂಡರು. ಕಣ್ಣುಬೇನೆ ಅಂತ ಸದರ ಮಾಡುವ ಹಾಗಿಲ್ಲ.

ಖಚಿತವಾದ ಮೇಲೆ ಗಡಿಯಾರ ಓಡಲು ಶುರು. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಹೊಸ ಬಗೆಯ ಇನ್‌ಫ್ಲುಯೆಂಜಾ ಒಬ್ಬನೇ ಮನುಷ್ಯನಲ್ಲಿ ಕಂಡರೂ ಆ ದೇಶ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಸಿಡುಬು, ಪೋಲಿಯೊ, ಸಾರ್ಸ್ ಬಿಟ್ಟರೆ ಇಷ್ಟು ಕಟ್ಟುನಿಟ್ಟು ಇರುವುದು ಇದಕ್ಕೆ ಮಾತ್ರ. ಒಬ್ಬ ರೋಗಿಗೆ ಇಷ್ಟು ಗದ್ದಲ ಯಾಕೆ ಅಂದರೆ, ಆ ಒಬ್ಬನ ಹಿಂದೆ ಕೋಳಿ ಇದೆಯೋ ಇನ್ನೊಬ್ಬ ಮನುಷ್ಯ ಇದ್ದಾನೋ ಅನ್ನುವುದು ಇಡೀ ಜಗತ್ತಿಗೆ ಬೇಕಾದ ಉತ್ತರ. ಯಾವ ಕೋಳಿ ಅನ್ನುವುದು ತನಿಖೆ ಮಾಡುವ ನಮಗೆ ಅಷ್ಟು ಮುಖ್ಯ ಅಲ್ಲ. ಕೋಳಿಯೇ ಹೌದಾ ಅನ್ನುವುದು ಮುಖ್ಯ. ಸುದ್ದಿಯಲ್ಲಿ ಕೊನೆಯ ಸಾಲಾಗಿ ಬರುವ ವಿಷಯವನ್ನು ನಾವು ಮೊದಲ ಸಾಲು ಅಂದುಕೊಂಡು ಕೆಲಸ ಶುರು ಮಾಡಿದರೆ ಕೆಟ್ಟೆವು. ಕೋಳಿ ಸಿಕ್ಕಿತು ಅಂತ ಸಮಾಧಾನವಾಗಿ ಮನುಷ್ಯರನ್ನು ಹುಡುಕುವುದೇ ನಿಂತುಹೋಗುತ್ತದೆ.

ಹಾಗಾಗಿ ಮೊದಲು ಮಾತು. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ರೋಗಿ ಬಹಳ ಸಲ ಮಾತಾಡುವ ಸ್ಥಿತಿಯಲ್ಲೇ ಇರುವುದಿಲ್ಲ. ಮನೆಯವರನ್ನು ಕೇಳಬೇಕು. ಅವರು ಆಸ್ಪತ್ರೆಯ ಬಾಗಿಲಲ್ಲಿ ನಿದ್ದೆಗೆಟ್ಟು ಕೂತಿರುತ್ತಾರೆ. ಅಲ್ಲಿ ಹೋಗಿ 'ಕೋಳಿ ಮುಟ್ಟಿದ್ದರಾ' ಅಂತ ಕೇಳಿದರೆ 'ಇಲ್ಲ' ಅಂತಲೇ ಬರುತ್ತದೆ. ಅದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಅದು ಮುಟ್ಟಿದ್ದೇ ಅಲ್ಲ. ಮಾತು ಸುಮಾರು ಹೀಗೆ ಸಾಗುತ್ತದೆ ಅಂದುಕೊಳ್ಳಿ:

'ಅಪ್ಪ ಕೋಳಿ ಅಂಗಡಿಗೆ ಹೋಗ್ತಿದ್ರಾ?'

'ಇಲ್ಲ, ಅವರು ಕೋಳಿ ತಿನ್ನೋದೇ ಬಿಟ್ಟು ಎರಡು ವರ್ಷ ಆಯ್ತು.'

'ಬೆಳಿಗ್ಗೆ ಎದ್ದು ಏನು ಮಾಡ್ತಿದ್ರು?'

'ವಾಕಿಂಗ್ ಹೋಗಿ ಬರ್ತಾ ತರಕಾರಿ ತರ್ತಿದ್ರು.'

'ತರಕಾರಿ ಎಲ್ಲಿಂದ?'

'ಮಾರ್ಕೆಟ್ ಹಿಂದುಗಡೆಯಿಂದ. ಕೋಳಿ ಸಾಲು ದಾಟಿದ ಮೇಲೆ ಸಿಗುತ್ತಲ್ಲ, ಅಲ್ಲಿಂದ.'

ಕೋಳಿ ತಿನ್ನುವುದನ್ನೇ ಬಿಟ್ಟ ಮನುಷ್ಯ ದಿನಾ ಬೆಳಿಗ್ಗೆ ಪಂಜರಗಳ ನಡುವೆ ನಡೆದು ಹೋಗುತ್ತಿದ್ದ. ಈ ಉತ್ತರ ತೆಗೆಯಲು ಕೋಳಿಯ ಹೆಸರೇ ಎತ್ತಬಾರದು. ದಿನಚರಿ ಕೇಳಬೇಕು. ಜ್ವರ ಯಾವತ್ತು ಶುರುವಾಯಿತು ಅಂತ ಮೊದಲು ಗಟ್ಟಿ ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ 14 ದಿನ, ಒಂದೊಂದೇ ದಿನ ಕೇಳುತ್ತಾ ಬರಬೇಕು. ಆ ದಿನ ಹಬ್ಬ ಇತ್ತಾ, ಸಂಬಳ ಬಂದಿತ್ತಾ, ಮನೆಗೆ ನೆಂಟರು ಬಂದಿದ್ದರಾ. ಫೋನಿನಲ್ಲಿರುವ ಫೋಟೋ, ಹಣ ಕಳಿಸಿದ ಲೆಕ್ಕ ಎಲ್ಲಾ ಉಪಯೋಗಕ್ಕೆ ಬರುತ್ತದೆ. ಮನೆಯ ಚಿಕ್ಕ ಮಕ್ಕಳನ್ನು ಮರೆಯಬೇಡಿ. ದೊಡ್ಡವರು ಮರೆತದ್ದನ್ನು ಅವರು 'ಆ ಬಿಳಿ ಕೋಳಿ ಸತ್ತೋಯ್ತಲ್ಲ' ಅಂತ ಹೇಳಿಬಿಡುತ್ತಾರೆ.

14 ದಿನ ಯಾಕೆ? ಎಚ್5ಎನ್1 ತಗುಲಿದ ಮೇಲೆ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ಜ್ವರ ಬರುತ್ತದೆ. ಒಮ್ಮೊಮ್ಮೆ ಹತ್ತು ದಿನದ ಆಚೆಗೂ ಹೋಗುತ್ತದೆ. ಕೊನೆಯ ಎರಡು ಮೂರು ದಿನ ಮಾತ್ರ ಕೇಳಿದರೆ ನಿಜವಾದ ದಿನ ಕೈತಪ್ಪುತ್ತದೆ.

ಎಲ್ಲಾ ಸಂಪರ್ಕವೂ ಒಂದೇ ತೂಕದ್ದಲ್ಲ ಅನ್ನುವುದನ್ನೂ ಬರೆದುಕೊಳ್ಳಬೇಕು. ದಾರಿಯಲ್ಲಿ ಹಾದು ಹೋದದ್ದು ಒಂದು. ಪಂಜರದ ಮುಂದೆ ನಿಂತು ಇದು ಬೇಡ, ಅದು ಕೊಡಿ ಅಂತ ಆರಿಸಿದ್ದು ಇನ್ನೊಂದು. ಆಗ ಅಂಗಡಿಯವನು ಕಾಲು ಹಿಡಿದು ಎಳೆಯುತ್ತಾನೆ, ಕೋಳಿ ರೆಕ್ಕೆ ಬಡಿಯುತ್ತದೆ, ಒಣಗಿದ ಹಿಕ್ಕೆಯ ಪುಡಿ ಮುಖಕ್ಕೇ ಏಳುತ್ತದೆ. ಕೆಲವರು ಪುಕ್ಕ ಸರಿಸಿ, ಹತ್ತಿರ ಬಾಗಿ ಊದಿ, ಚರ್ಮ ನೋಡಿಯೇ ಕೋಳಿ ತಗೊಳ್ಳುತ್ತಾರೆ. ಅದರ ಮೇಲೆ ಕೊಯ್ಯುವವರು, ಪುಕ್ಕ ಕೀಳುವವರು. ಎಲ್ಲಕ್ಕಿಂತ ಮೇಲೆ, ಕಾಯಿಲೆ ಬಂದ ಅಥವಾ ಸತ್ತ ಕೋಳಿಯನ್ನು ಹಾಳಾಗುತ್ತಲ್ಲಾ ಅಂತ ಅಡುಗೆಗೆ ಬಳಸಿದವರು. 2004ರಲ್ಲಿ ವಿಯೆಟ್ನಾಂನ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ ನೋಡಿದಾಗ ಮೂರು ವಿಷಯ ಎದ್ದು ಕಂಡವು. ಕಾಯಿಲೆಯ ಅಥವಾ ಸತ್ತ ಕೋಳಿಯನ್ನು ಅಡುಗೆಗೆ ತಯಾರು ಮಾಡಿದ್ದು. ಮನೆಯಲ್ಲೇ ಅಂಥ ಕೋಳಿ ಇದ್ದದ್ದು. ಮನೆಯೊಳಗೆ ನೀರಿನ ವ್ಯವಸ್ಥೆ ಇಲ್ಲದ್ದು. ಮೂರನೆಯದು ಓದಿ ಆಶ್ಚರ್ಯ ಆಗಬಹುದು. ಕೈಯಳತೆಯಲ್ಲಿ ನೀರಿಲ್ಲದಿದ್ದರೆ ಕೋಳಿ ಕೊಯ್ದ ಕೈಯನ್ನು ಎಷ್ಟು ಸಲ ತೊಳೆಯಲು ಆಗುತ್ತದೆ, ಯೋಚಿಸಿ.

ಜನ ವಿಷಯ ಮುಚ್ಚಿಡುವುದೂ ಉಂಟು. 'ನಮ್ಮ ಕೋಳಿ ಸತ್ತಿವೆ' ಅಂತ ಬಾಯಿಬಿಟ್ಟರೆ ನಾಳೆ ಬೆಳಿಗ್ಗೆ ಊರಿನ ಕೋಳಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ ಅಂತ ಅವರಿಗೆ ಗೊತ್ತು. ಪರಿಹಾರ ಎಷ್ಟು, ಯಾವಾಗ ಅನ್ನುವ ಪ್ರಶ್ನೆಗೆ ಕೈಯಲ್ಲಿ ಉತ್ತರ ಇಲ್ಲದೆ ಮನೆ ಬಾಗಿಲಿಗೆ ಹೋಗಬಾರದು. ಬರೀ ವೈದ್ಯರು ಹೋದರೂ ಸಾಲದು. ಕೋಳಿ ನೋಡಲು ಪಶುವೈದ್ಯರು ಜೊತೆಗಿರಬೇಕು. ಇಬ್ಬರೂ ಬೇರೆ ಬೇರೆ ದಿನ ಹೋಗಿ ಬೇರೆ ಬೇರೆ ವರದಿ ಬರೆಯುವುದು ನಡೆಯುತ್ತಲೇ ಇರುತ್ತದೆ. ಆ ಎರಡು ವರದಿ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮಾತು ಮುಗಿದ ಮೇಲೆ ಮಾರುಕಟ್ಟೆ. ಇಲ್ಲಿ ನಾವು ತೊಳೆಯುವ ಪೈಪಿನ ಜೊತೆ ಓಟಕ್ಕೆ ನಿಂತಿರುತ್ತೇವೆ. ಸುದ್ದಿ ಹಬ್ಬಿದ ಕೂಡಲೇ ಯಾರೋ ಒಳ್ಳೆಯ ಮನಸ್ಸಿನಿಂದಲೇ ಮಾರುಕಟ್ಟೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದುಬಿಡುತ್ತಾರೆ. ನಾವು ಹೋಗುವಷ್ಟರಲ್ಲಿ ಪಂಜರಗಳು ಖಾಲಿ, ನೆಲ ಫಳಫಳ. ಸ್ಯಾಂಪಲ್ ಎಲ್ಲಾ ನೆಗೆಟಿವ್. ಆಮೇಲೆ 'ಮಾರುಕಟ್ಟೆಯಲ್ಲಿ ವೈರಸ್ ಇರಲಿಲ್ಲ' ಅಂತ ವರದಿ. ಇರಲಿಲ್ಲ ಅಂತಲ್ಲ, ತೊಳೆದು ಹೋಗಿತ್ತು ಅಂತ. ಮುಚ್ಚುವುದನ್ನು ತಡ ಮಾಡಿ ಅಂತ ನಾನು ಹೇಳುತ್ತಿಲ್ಲ. ಬಾಗಿಲು ಮುಚ್ಚಿ, ಆದರೆ ಸ್ಯಾಂಪಲ್ ತೆಗೆಯುವವರೆಗೆ ಪೈಪ್ ತಿರುಗಿಸಬೇಡಿ ಅಂತ.

ಯಾವ ಜಾಗದಿಂದ ಸ್ಯಾಂಪಲ್ ತೆಗೆಯಬೇಕು? ಕೋಳಿಯ ಗಂಟಲು, ಗುದದ್ವಾರದ ಸ್ವ್ಯಾಬ್ ಸರಿ. ಅದರ ಜೊತೆ ಪಂಜರದ ತಳ, ಹಸಿ ಹಿಕ್ಕೆ, ಕುಡಿಯುವ ನೀರಿನ ತಟ್ಟೆ, ಕೊಯ್ಯುವ ಹಲಗೆ, ಚರಂಡಿಯ ನೀರು. ನೀರಿನ ತಟ್ಟೆ ನನಗೆ ಇಷ್ಟ. ಹತ್ತು ಕೋಳಿ ಕೊಕ್ಕು ಅದ್ದಿದ ಒಂದೇ ತಟ್ಟೆಯಿಂದ ಹತ್ತು ಕೋಳಿಯ ಸುದ್ದಿ ಒಟ್ಟಿಗೆ ಸಿಗುತ್ತದೆ.

ಮತ್ತೆ ಪುಕ್ಕ ತೆಗೆಯುವ ಯಂತ್ರ. ಅದನ್ನು ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ಉಕ್ಕಿನ ಡ್ರಮ್, ಒಳಗೋಡೆಯ ತುಂಬಾ ಬೆರಳಿನಂಥ ರಬ್ಬರ್ ಕಡ್ಡಿಗಳು. ಕೊಯ್ದು ಬಿಸಿನೀರಲ್ಲಿ ಅದ್ದಿದ ಕೋಳಿಯನ್ನು ಒಳಗೆ ಹಾಕಿ ಸ್ವಿಚ್ ಒತ್ತಿದರೆ ತಳ ಗಿರ್ರನೆ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ಕೋಳಿ ಬೋಳು. ಆ ಹೊತ್ತಿಗೆ ಡ್ರಮ್ಮಿನ ಬಾಯಿಂದ ಸಣ್ಣ ಹನಿಗಳ ಮಂಜು ಮೇಲಕ್ಕೆ ಬರುತ್ತಿರುತ್ತದೆ. ಅದರಲ್ಲಿ ರಕ್ತ, ನೀರು, ಹಿಕ್ಕೆ, ಪುಕ್ಕದ ಚೂರು ಎಲ್ಲಾ ಸೇರಿದೆ. ಗಿರಾಕಿ 'ಬೇಗ ಕೊಡಪ್ಪಾ' ಅಂತ ಎರಡು ಅಡಿ ದೂರದಲ್ಲಿ ನಿಂತಿರುತ್ತಾನೆ. ಅವನನ್ನು ಕೇಳಿದರೆ ಅವನೂ ಕೋಳಿ ಮುಟ್ಟಿಲ್ಲ. ಅವನು ಪ್ರಮಾಣ ಮಾಡಿ ಹೇಳಿದರೂ ಅದು ನಿಜವೇ.

ಆದರೆ ಒಂದು ವಿಷಯ. ನಾವು ಇವತ್ತು ನೋಡುವ ಕೋಳಿ ಅವತ್ತಿನ ಕೋಳಿ ಅಲ್ಲ. ರೋಗಿ ಮಾರುಕಟ್ಟೆಗೆ ಹೋಗಿದ್ದು ಹತ್ತು ಹದಿನೈದು ದಿನದ ಹಿಂದೆ. ಆ ಕೋಳಿ ಯಾರದೋ ಮನೆಯ ಸಾರಾಗಿ ಮುಗಿದಿರುತ್ತದೆ. ಹಾಗಾಗಿ 'ಇದೇ ಕೋಳಿ' ಅಂತ ಬೆರಳು ತೋರಿಸಲು ಹೆಚ್ಚುಕಡಿಮೆ ಯಾವತ್ತೂ ಆಗುವುದಿಲ್ಲ. ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಫಾರಂಗೆ ಹಿಂದೆ ಹಿಂದೆ ಹೋಗಬಹುದು. ಅಲ್ಲೂ ಒಂದು ತಮಾಷೆ ಕಾದಿರುತ್ತದೆ.

2013ರ ಚೀನಾ ಅದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಮಾರ್ಚ್ 31ರಂದು ಶಾಂಘೈ ಮತ್ತು ಆನ್‌ಹುಯಿ ಪ್ರಾಂತ್ಯದ ಮೂವರಲ್ಲಿ ಎಚ್7ಎನ್9 ಅನ್ನುವ ಮತ್ತೊಂದು ಹಕ್ಕಿ ಜ್ವರದ ವೈರಸ್ ಇದೆ ಅಂತ ಪ್ರಕಟವಾಯಿತು. ಎಚ್5ಎನ್1 ಬಂದರೆ ಕೋಳಿಗಳು ಜುಟ್ಟು ನೀಲಿಗಟ್ಟಿ ಸಾಲಾಗಿ ಸಾಯುತ್ತವೆ. ಊರಿಗೇ ಗೊತ್ತಾಗುತ್ತದೆ. ಎಚ್7ಎನ್9 ಬಂದ ಕೋಳಿಗೆ ಏನೂ ಆಗುತ್ತಿರಲಿಲ್ಲ. ಮೇಯುತ್ತಿತ್ತು, ಮೊಟ್ಟೆ ಇಡುತ್ತಿತ್ತು. ಮನುಷ್ಯ ಆಸ್ಪತ್ರೆ ಸೇರಿದ ಮೇಲೆಯೇ ಆ ಊರ ಕೋಳಿಯಲ್ಲಿ ವೈರಸ್ ಇದೆ ಅಂತ ಗೊತ್ತಾಗುತ್ತಿತ್ತು. ಫಾರಂಗಳಲ್ಲಿ ಹುಡುಕಿದರೆ ಸಿಗುತ್ತಿದ್ದದ್ದು ಬಹಳ ಕಮ್ಮಿ, ಮಾರುಕಟ್ಟೆಗಳಲ್ಲಿ ಜಾಸ್ತಿ. ಯಾಕೆಂದರೆ ವೈರಸ್ ಬೆಳೆಯುತ್ತಿದ್ದದ್ದೇ ಮಾರುಕಟ್ಟೆಯಲ್ಲಿ. ಬೇರೆ ಬೇರೆ ಕಡೆಯ ಕೋಳಿ, ಬಾತು, ಗೌಜುಗ ಎಲ್ಲಾ ಒಂದರ ಮೇಲೊಂದು ಪಂಜರದಲ್ಲಿ. ಇವತ್ತು ಮಾರಾಟ ಆಗದ್ದು ರಾತ್ರಿ ಅಲ್ಲೇ ಉಳಿದು, ನಾಳೆ ಬರುವ ಹೊಸ ಕೋಳಿಗಳಿಗೆ ದಾಟಿಸುತ್ತದೆ. ಸರಪಳಿ ಕಡಿಯುವುದೇ ಇಲ್ಲ.

ಶಾಂಘೈ ಏಪ್ರಿಲ್ 6ರಂದು ಜೀವಂತ ಕೋಳಿ ಮಾರುಕಟ್ಟೆಗಳನ್ನು ಮುಚ್ಚಿತು. ಹಾಂಗ್‌ಝೌ, ಹುಝೌ, ನಾನ್‌ಜಿಂಗ್ ಕೂಡ ಮುಚ್ಚಿದವು. ಆಮೇಲೆ ಲೆಕ್ಕ ಹಾಕಿದಾಗ ಮನುಷ್ಯರಿಗೆ ದಿನವೂ ತಗುಲುತ್ತಿದ್ದ ಸೋಂಕು ಶಾಂಘೈ, ಹಾಂಗ್‌ಝೌನಲ್ಲಿ ಶೇ 99ರಷ್ಟು, ಉಳಿದೆರಡು ಕಡೆ ಶೇ 97ರಷ್ಟು ಇಳಿದಿತ್ತು. 'ಕೋಳಿಯಿಂದಲೇ ಅಂತ ಹೇಗೆ ಗೊತ್ತು' ಅನ್ನುವ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನ್ನ ಬಳಿ ಇಲ್ಲ. ನಲ್ಲಿ ತಿರುಗಿಸಿದರು, ನೀರು ನಿಂತಿತು. ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದ್ದರೆ ಕೋಳಿ ಅಂಗಡಿ ಮುಚ್ಚಿದ ಮಾತ್ರಕ್ಕೆ ನಿಲ್ಲುತ್ತಿರಲಿಲ್ಲ. ಹಾಂಗ್‌ಕಾಂಗ್‌ನಲ್ಲೂ ಹಾಗೇ ಆಗಿತ್ತು. 1997ರ ಡಿಸೆಂಬರ್ ಕೊನೆಯಲ್ಲಿ 13 ಲಕ್ಷಕ್ಕೂ ಹೆಚ್ಚು ಕೋಳಿ ಕೊಂದ ಮೇಲೆ ಆ ಸಲದ ಹೊಸ ರೋಗಿಗಳು ಬರುವುದು ನಿಂತಿತು.

ಆದರೆ ಮಾರುಕಟ್ಟೆ ಮತ್ತೆ ತೆರೆದಾಗ ಚಳಿಗಾಲದಲ್ಲಿ ಎಚ್7ಎನ್9 ಮತ್ತೆ ಬಂತು. 2013ರ ಮೊದಲ ಅಲೆಯೂ ಸೇರಿ ಐದು ಅಲೆಗಳಲ್ಲಿ 1,500ಕ್ಕೂ ಹೆಚ್ಚು ಜನರಿಗೆ ತಗುಲಿ, 600ಕ್ಕೂ ಹೆಚ್ಚು ಜನ ಸತ್ತರು. 2017ರ ಸೆಪ್ಟೆಂಬರ್‌ನಿಂದ ಚೀನಾ ಕೋಳಿಗಳಿಗೇ ಲಸಿಕೆ ಹಾಕಿಸಿತು. ಅದರ ಮೇಲೆ ಮನುಷ್ಯರಲ್ಲಿ ಇದು ಹೆಚ್ಚುಕಡಿಮೆ ಕಾಣೆಯಾಯಿತು. ಹಾಂಗ್‌ಕಾಂಗ್ ಇನ್ನೊಂದು ದಾರಿ ಹಿಡಿದಿತ್ತು. ಬಾತುಗಳನ್ನು, ಆಮೇಲೆ ಗೌಜುಗವನ್ನು ಕೋಳಿ ಮಾರುಕಟ್ಟೆಯಿಂದ ಹೊರಗೆ ಹಾಕಿತು. 2001ರಿಂದ ತಿಂಗಳಿಗೊಂದು ದಿನ ಮಾರುಕಟ್ಟೆ ಪೂರಾ ಖಾಲಿ ಮಾಡಿಸಿ ತೊಳೆಸಿತು. 2008ರಿಂದ ರಾತ್ರಿ ಒಂದು ಕೋಳಿಯನ್ನೂ ಜೀವಂತ ಉಳಿಸುವ ಹಾಗಿಲ್ಲ ಅಂತ ನಿಯಮ ಮಾಡಿತು. ನನ್ನನ್ನು ಕೇಳಿದರೆ ಆ ರಾತ್ರಿಯ ನಿಯಮ ಬಹಳ ಜಾಣತನದ್ದು. ಒಂದೇ ಸಲಕ್ಕೆ ಪೂರಾ ಮುಚ್ಚಿದರೆ ವ್ಯಾಪಾರ ಕದ್ದುಮುಚ್ಚಿ ಪಕ್ಕದ ಊರಿಗೆ ಸರಿಯುತ್ತದೆ, ಜೊತೆಗೆ ವೈರಸ್ಸೂ.

ಇನ್ನು ವೈರಸ್‌ನ ಜೀನ್ ಓದುವುದು. ರೋಗಿಯ ವೈರಸ್ಸನ್ನೂ ಮಾರುಕಟ್ಟೆಯ ಕೋಳಿಯ ವೈರಸ್ಸನ್ನೂ ಅಕ್ಷರ ಅಕ್ಷರ ಹೋಲಿಸುತ್ತಾರೆ. 2013ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಒಬ್ಬ ರೋಗಿಯ ವೈರಸ್ ಅಲ್ಲಿನ ಮಾರುಕಟ್ಟೆಯ ಕೋಳಿಯ ವೈರಸ್‌ಗೆ ತೀರಾ ಹತ್ತಿರ ಇತ್ತು. ಅದರಿಂದ ಕೊಂಡಿ ಗಟ್ಟಿಯಾಗುತ್ತದೆ. ಆದರೆ ಪೂರ್ತಿ ಸಾಬೀತಾಗುವುದಿಲ್ಲ. ಒಂದೇ ಮನೆಯ ಇಬ್ಬರಲ್ಲಿ ಒಂದೇ ವೈರಸ್ ಸಿಕ್ಕರೆ ಒಬ್ಬರಿಂದ ಒಬ್ಬರಿಗೆ ಬಂತೋ, ಇಬ್ಬರಿಗೂ ಒಂದೇ ಕೋಳಿಯಿಂದ ಬಂತೋ ಅಂತ ಜೀನ್ ಒಂದೇ ಹೇಳಲಾರದು.

ಅಲ್ಲಿ ಮಾತಾಡುವುದು ತಾರೀಖು. ಮನುಷ್ಯರಿಂದ ಬಂದಿರಬಾರದೇಕೆ ಅನ್ನುವ ನಿಮ್ಮ ಎರಡನೇ ಪ್ರಶ್ನೆಗೆ ಇದೇ ಕೀಲಿ. ಮನೆಯಲ್ಲಿ ಇಬ್ಬರಿಗೆ ಒಂದೇ ದಿನ, ಅಥವಾ ಒಂದು ದಿನದ ಅಂತರದಲ್ಲಿ ಜ್ವರ ಬಂದರೆ ಇಬ್ಬರೂ ಒಂದೇ ಕಡೆಯಿಂದ ತಂದುಕೊಂಡಿರುವ ಸಾಧ್ಯತೆ ಜಾಸ್ತಿ. ಮೊದಲನೆಯವರಿಗೆ ಬಂದು ಮೂರು, ನಾಲ್ಕು, ಐದು ದಿನ ಕಳೆದು ಅವರ ಆರೈಕೆ ಮಾಡಿದವರಿಗೆ ಬಂದರೆ ಆಗ ಎದೆ ಢವಗುಟ್ಟಬೇಕು.

2004ರಲ್ಲಿ ಥಾಯ್ಲೆಂಡ್‌ನಲ್ಲಿ ಹಾಗೇ ಆಯಿತು. ಕಾಂಫೇಂಗ್ ಫೆಟ್ ಪ್ರಾಂತ್ಯದ ಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದ 11 ವರ್ಷದ ಹುಡುಗಿಗೆ ಜ್ವರ ಬಂತು. ಮನೆಯ ಕೋಳಿಗಳು ಸತ್ತಿದ್ದವು. ಅಲ್ಲಿಯವರೆಗೆ ಕತೆ ಮಾಮೂಲಿ. ಅವಳ ತಾಯಿ ದೂರದ ಬ್ಯಾಂಕಾಕ್ ಕಡೆ ಕೆಲಸದಲ್ಲಿದ್ದಳು. ಸುದ್ದಿ ತಿಳಿದು ಬಂದು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಮಗಳ ಪಕ್ಕ ಕೂತಳು. ಮಗಳು ಸತ್ತಳು. ಮೂರ್ನಾಲ್ಕು ದಿನಕ್ಕೆ ತಾಯಿಗೆ ಜ್ವರ, ಅವಳೂ ಸತ್ತಳು. ತಾಯಿ ಕೋಳಿಯ ಹತ್ತಿರವೇ ಸುಳಿದಿರಲಿಲ್ಲ. ಚಿಕ್ಕಮ್ಮನಿಗೂ ಜ್ವರ ಬಂತು, ಅವಳು ಬದುಕಿದಳು. ಚಿಕ್ಕಮ್ಮ ಸತ್ತ ಕೋಳಿಗಳನ್ನು ಹೂತಿದ್ದಳಲ್ಲಾ, ಅವಳಿಗೆ ಕೋಳಿಯಿಂದಲೇ ಬಂದಿರಬೇಕು ಅಂತ ಬರೆದು ಮುಗಿಸಬಹುದಿತ್ತು. ತನಿಖೆಯವರು ದಿನ ಎಣಿಸಿದರು. ಕೋಳಿ ಹೂತದ್ದಕ್ಕೂ ಜ್ವರಕ್ಕೂ 17 ದಿನದ ಅಂತರ. ಹುಡುಗಿಯ ಆರೈಕೆ ಮಾಡಿದ್ದು ಅದಕ್ಕಿಂತ ಎಷ್ಟೋ ಹತ್ತಿರ. ಹಾಗಾಗಿ ಇಬ್ಬರಿಗೂ ಹುಡುಗಿಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು ಅಂತ ಬರೆದರು. ಬರೀ 'ಕೋಳಿ ಸಂಪರ್ಕ: ಹೌದು' ಅಂತ ನಮೂನೆ ತುಂಬಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಉಲ್ಟಾ ಉದಾಹರಣೆಯೂ ಇದೆ. 2023ರ ಫೆಬ್ರವರಿಯಲ್ಲಿ ಕಾಂಬೋಡಿಯಾದ ಪ್ರೆಯ್ ವೆಂಗ್ ಪ್ರಾಂತ್ಯದಲ್ಲಿ 11 ವರ್ಷದ ಹುಡುಗಿ ಎಚ್5ಎನ್1ನಿಂದ ಸತ್ತಳು. ಸಂಪರ್ಕದವರನ್ನು ಪರೀಕ್ಷಿಸಿದರೆ ತಂದೆಯೂ ಪಾಸಿಟಿವ್. ಮನುಷ್ಯರಲ್ಲಿ ಹರಡಲು ಶುರುವಾಯಿತು ಅಂತ ಜಗತ್ತೆಲ್ಲ ಗಾಬರಿ. ತನಿಖೆಯಲ್ಲಿ ಆ ಊರಲ್ಲಿ ಕೋಳಿ, ಕಾಡುಹಕ್ಕಿ ಸತ್ತದ್ದು, ಇಬ್ಬರಿಗೂ ಅವುಗಳ ಸಂಪರ್ಕ ಇದ್ದದ್ದು ಕಂಡಿತು. ವೈರಸ್ ಓದಿದಾಗ ಅದು ಆಗ ಜಗತ್ತಿನಾದ್ಯಂತ ಹಕ್ಕಿಗಳಲ್ಲಿ ಹರಡುತ್ತಿದ್ದ ಹೊಸ ತಳಿ ಅಲ್ಲ, ಆ ಭಾಗದ ಕೋಳಿಗಳಲ್ಲಿ ವರ್ಷಗಳಿಂದ ಇದ್ದ ಹಳೆಯ ತಳಿ. ತಂದೆಯಿಂದ ಮಗಳಿಗೋ ಮಗಳಿಂದ ತಂದೆಗೋ ದಾಟಿದ್ದಕ್ಕೆ ಆಧಾರ ಸಿಗಲಿಲ್ಲ.

ಈ ಮಧ್ಯೆ ಸಂಪರ್ಕದವರನ್ನು ಸುಮ್ನೆ ಬಿಟ್ಟಿರುವುದಿಲ್ಲ. ಮನೆಯವರು, ಮಾಸ್ಕ್ ಇಲ್ಲದೆ ಆರೈಕೆ ಮಾಡಿದ ನರ್ಸ್, ಅಂಗಡಿಯವನು, ಅವನ ಕೆಲಸದ ಹುಡುಗ, ಎಲ್ಲರನ್ನೂ ಸುಮಾರು ಹತ್ತು ದಿನ ದಿನಾ ವಿಚಾರಿಸುತ್ತಾರೆ. ಜ್ವರ ಬಂದವರಿಗೆ ಲ್ಯಾಬ್ ಉತ್ತರಕ್ಕೆ ಕಾಯದೆ ಓಸೆಲ್ಟಾಮಿವಿರ್ ಅನ್ನುವ ಫ್ಲೂ ಔಷಧಿ ಶುರು. ಮೊದಲ 48 ಗಂಟೆಯಲ್ಲಿ ಕೊಟ್ಟರೆ ಅದರ ಕೆಲಸ ಚೆನ್ನಾಗಿರುತ್ತದೆ. ತನಿಖೆಯವರೂ ಎನ್95, ಕನ್ನಡಕ, ಕೈಗವಸು ಹಾಕಲೇಬೇಕು. ಹೇಳುವುದು ಸುಲಭ. 2024ರ ಜುಲೈನಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಸೋಂಕಿನ ಕೋಳಿಗಳನ್ನು ಕೊಲ್ಲಲು ಹೋದ ಕೆಲಸಗಾರರು ಸುಡುವ ಶೆಡ್ಡಿನಲ್ಲಿದ್ದರು. ದೊಡ್ಡ ಫ್ಯಾನ್‌ಗಳ ಗಾಳಿಗೆ ಮಾಸ್ಕ್, ಕನ್ನಡಕ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಅವರಲ್ಲಿ ಹಲವರಿಗೆ ಸೋಂಕು ತಗುಲಿತು.

ಕೊನೆಗೆ ರಕ್ತ. ಸ್ವ್ಯಾಬ್ ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ಅಂತಲೂ ಅಲ್ಲ. 2022ರಲ್ಲಿ ಸ್ಪೇನ್‌ನ ಒಂದು ಕೋಳಿ ಫಾರಂನ ಇಬ್ಬರು ಕೆಲಸಗಾರರ ಮೂಗಿನಲ್ಲಿ ಎಚ್5ಎನ್1 ಸಿಕ್ಕಿತು. ಇಬ್ಬರಿಗೂ ಕಾಯಿಲೆಯ ಲಕ್ಷಣ ಇರಲಿಲ್ಲ. ಆಮೇಲೆ ರಕ್ತ ನೋಡಿದರೆ ಪ್ರತಿಕಾಯವೂ (ಸೋಂಕು ಬಂದಾಗ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೊಟೀನ್) ಇಲ್ಲ. ಫಾರಂನ ಧೂಳಿನ ಜೊತೆ ವೈರಸ್ ಮೂಗಿನೊಳಗೆ ಬಂದು ಕೂತಿತ್ತು ಅಷ್ಟೇ. ಇದರ ತದ್ವಿರುದ್ಧವೂ ಆಗುತ್ತದೆ. ಸಣ್ಣ ಜ್ವರ ಬಂದು ಹೋಗಿರುತ್ತದೆ, ಸ್ವ್ಯಾಬ್ ತೆಗೆಯುವಷ್ಟರಲ್ಲಿ ವೈರಸ್ ಇಲ್ಲ, ರಕ್ತದಲ್ಲಿ ಗುರುತು ಉಳಿದಿದೆ. ಈ ಪರೀಕ್ಷೆಗೆ ಕುದುರೆಯ ಕೆಂಪು ರಕ್ತಕಣ ಬಳಸುತ್ತಾರೆ ಅಂದರೆ ನಗಬೇಡಿ. ಹಕ್ಕಿಯ ವೈರಸ್ ಅಂಟಿಕೊಳ್ಳುವಂಥ ಕೊಂಡಿಗಳು ಕುದುರೆಯ ರಕ್ತಕಣದ ಮೇಲೆ ಜಾಸ್ತಿ ಇರುತ್ತವೆ.

ಈ ರಕ್ತವನ್ನು ಎರಡು ಸಲ ತೆಗೆಯಬೇಕು. ಒಮ್ಮೆ ಶುರುವಿನಲ್ಲಿ, ಇನ್ನೊಮ್ಮೆ ಮೂರು ನಾಲ್ಕು ವಾರ ಬಿಟ್ಟು. ಎರಡರ ನಡುವೆ ಪ್ರತಿಕಾಯ ಏರಿದ್ದರೆ ಮಾತ್ರ ಈ ಸಲದ ಸೋಂಕು ಅಂತ ಹೇಳಬಹುದು. ಇಲ್ಲದಿದ್ದರೆ ಯಾವ ಕಾಲದ್ದೋ. ಮೊದಲ ಸಲ ಎಲ್ಲರೂ ಕೈ ಚಾಚುತ್ತಾರೆ, ಆಗ ಭಯ ಇರುತ್ತದೆ. ನಾಲ್ಕು ವಾರ ಕಳೆದು ಅದೇ ಮನೆಯ ಬಾಗಿಲು ತಟ್ಟಿದರೆ 'ನಮಗೇನೂ ಆಗಿಲ್ವಲ್ಲ, ಮತ್ಯಾಕೆ ಚುಚ್ತೀರಿ' ಅನ್ನುತ್ತಾರೆ. ಅಷ್ಟು ಹೊತ್ತಿಗೆ ಪತ್ರಿಕೆಯಲ್ಲಿ ಆ ಕೊನೆಯ ಸಾಲು ಬಂದು ಹಳತಾಗಿರುತ್ತದೆ, ಮಾರುಕಟ್ಟೆಯೂ ತೆರೆದಿರುತ್ತದೆ. ನಾವು ಮಾತ್ರ ಆ ಎರಡನೇ ಸಿರಿಂಜ್ ಹಿಡಿದು ಬಾಗಿಲಲ್ಲಿ ನಿಂತಿರುತ್ತೇವೆ.